ಪಾರ್ಟಿ ಹಾಸ್ಟೆಲ್: ಹೆಸರು ಯಾರಿಗೆ, ಹೊಣೆ ಯಾರಿಗೆ?

ಬೆಂಗಳೂರು: ಬಸವೇಶ್ವರನಗರದ ಹಿರಿಯರೊಬ್ಬರ ಮುಂದೆ ‘ಹಾಸ್ಟೆಲ್’ ಎಂದರೆ ಅವರ ನೆನಪಿಗೆ ಬರುವ ಚಿತ್ರವೇ ಬೇರೆ. ಬೆಳಗಿನ ಗಂಟೆ, ಸಾಮೂಹಿಕ ಪ್ರಾರ್ಥನೆ, ತಟ್ಟೆ ಹಿಡಿದು ನಿಂತ ಹುಡುಗರ ಸಾಲು, ರಾತ್ರಿಯ ಹಾಜರಿ, ಹೊತ್ತು ಮೀರಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಗದರುವ ವಾರ್ಡನ್. ಸಿದ್ಧಗಂಗೆಯಿಂದ ಹಿಡಿದು ಬೆಂಗಳೂರಿನ ಹತ್ತಾರು ಸಮುದಾಯಗಳ ವಿದ್ಯಾರ್ಥಿನಿಲಯಗಳವರೆಗೆ, ಹಳ್ಳಿಯಿಂದ ಬಂದ ಮಕ್ಕಳನ್ನು ಓದಿಸಿ ನಾಡಿಗೆ ಕೊಟ್ಟ ಸಂಸ್ಥೆಗಳ ಹೆಸರದು. ಅದೇ ಹಿರಿಯರ ಮೊಮ್ಮಗಳ ಬಾಯಲ್ಲಿ ಅದೇ ಪದಕ್ಕೆ ಇನ್ನೊಂದೇ ಅರ್ಥ. ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಸುತ್ತುವ ಯುವಜನರು ಕೋಣೆಯನ್ನಲ್ಲ, ಒಂದು ಮಂಚವನ್ನಷ್ಟೇ ಬಾಡಿಗೆಗೆ ಪಡೆಯುವ ಜಾಗ. ಸಂಜೆಯಾದರೆ ಮೇಲ್ಚಾವಣಿಯಲ್ಲಿ ಸಂಗೀತ, ಅಪರಿಚಿತರ ಜೊತೆ ಹರಟೆ, ಆಟ, ಕುಣಿತ, ಬಹಳಷ್ಟು ಕಡೆ ಮದ್ಯ.

ಈ ಎರಡನೆಯ ಬಗೆಯಲ್ಲಿ ಗದ್ದಲವನ್ನೇ ಬಂಡವಾಳವಾಗಿಸಿಕೊಂಡವು ‘ಪಾರ್ಟಿ ಹಾಸ್ಟೆಲ್’ಗಳು. ಯುವ ಪ್ರವಾಸಿಗರ ನಡುವೆ ಇವುಗಳಿಗೆ ಹೆಸರಿದೆ, ಆಕರ್ಷಣೆಯಿದೆ, ಮಾರುಕಟ್ಟೆಯಿದೆ. ಆದರೆ ಇವು ಯಾವ ಕಾನೂನಿನ ಚೌಕಟ್ಟಿಗೆ ಸೇರುತ್ತವೆ ಎಂಬ ಪ್ರಶ್ನೆಗೆ ನಮ್ಮ ಆಡಳಿತದ ಬಳಿ ನೇರ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೊನೆಗೆ ಬುಲ್ಡೋಜರ್ ಉತ್ತರ ಹೇಳುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡಿಯ ಆ ಕಥೆಯನ್ನು ಪಶ್ಚಿಮ ಬೆಂಗಳೂರಿನ ನಿವಾಸಿಗಳೂ ತಿಳಿಯಬೇಕಾದ ಕಾಲ ಬಂದಿದೆ.

ಛತ್ರದಿಂದ ಹಾಸ್ಟೆಲ್‌ವರೆಗೆ

ದಾರಿಹೋಕರಿಗೆ ಅಗ್ಗದಲ್ಲಿ ತಂಗಲು ಜಾಗ ಕೊಡುವುದು ನಮಗೆ ಹೊಸತೇನಲ್ಲ. ಬೆಂಗಳೂರು ನಗರ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಒಂದು ಶತಮಾನಕ್ಕೂ ಹಿಂದಿನಿಂದ ಈ ಕೆಲಸ ಮಾಡುತ್ತ ಬಂದಿದೆ. ತಂಗುವವನಿಗೆ ನೆಲೆ, ವಿದ್ಯಾರ್ಥಿಗೆ ನಿಲಯ ಎರಡನ್ನೂ ಒಂದೇ ಧರ್ಮಕಾರ್ಯವೆಂದು ಕಂಡವರು ತೋಟದಪ್ಪನವರು. ಯುರೋಪಿನಲ್ಲಿಯೂ ಹಾಸ್ಟೆಲ್ ಹುಟ್ಟಿದ್ದು ಮೋಜಿಗಲ್ಲ. 1909ರಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್, ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ಯುವಕರಿಗೆ ಅಗ್ಗದ ತಂಗುದಾಣಗಳ ಸರಣಿಯೇ ಇರಬೇಕೆಂಬ ಆಲೋಚನೆ ಆ ರಾತ್ರಿ ಅವರಿಗೆ ಹೊಳೆಯಿತು. 1912ರ ಹೊತ್ತಿಗೆ ಆಲ್ಟೇನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತಲೆಯೆತ್ತಿತು. ಶಿಸ್ತು, ಸ್ವಚ್ಛತೆ, ಬೇಗ ಮಲಗುವುದು ಅದರ ನಿಯಮಗಳಾಗಿದ್ದವು.

ಕಾಲಕ್ರಮೇಣ ಹಾಸ್ಟೆಲ್ ಖಾಸಗಿ ಉದ್ಯಮವಾಯಿತು. ಭಾರತದಲ್ಲಿ 2013ರಲ್ಲಿ ಜೋಧಪುರದಿಂದ ಆರಂಭವಾದ ಜೋಸ್ಟೆಲ್ ಈ ಉದ್ಯಮವನ್ನು ಬ್ರಾಂಡ್ ಆಗಿ ಬೆಳೆಸಿತು. ಅದರ ಹಿಂದೆಯೇ ಹಲವು ಸರಣಿಗಳು ಬಂದವು. ಗೋಕರ್ಣದ ಕಡಲ ದಂಡೆ, ಕೊಡಗು, ಚಿಕ್ಕಮಗಳೂರು, ಬೆಂಗಳೂರಿನ ಇಂದಿರಾನಗರ, ಕೋರಮಂಗಲ ಇವುಗಳ ನೆಲೆಗಳಾದವು. ಇವುಗಳಲ್ಲಿ ಹೆಚ್ಚಿನವು ಶಾಂತವಾಗಿಯೇ ನಡೆಯುತ್ತವೆ ಎಂಬುದನ್ನು ಮರೆಯಬಾರದು. ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವವರು, ಚಾರಣಕ್ಕೆ ಹೋಗುವವರು, ಪರೀಕ್ಷೆ ಬರೆಯಲು ಬಂದವರು ಅಲ್ಲಿ ಇಳಿದುಕೊಳ್ಳುತ್ತಾರೆ. ಒಬ್ಬಳೇ ಹೊರಟ ಯುವತಿಗೆ ಲಾಡ್ಜಿನ ಸಂಶಯದ ನೋಟಕ್ಕಿಂತ ಮಹಿಳೆಯರಿಗೇ ಮೀಸಲಾದ ಹಾಸ್ಟೆಲ್ ಕೋಣೆ ಹೆಚ್ಚು ನೆಮ್ಮದಿ ಕೊಡುತ್ತದೆ. ಇದು ಸಣ್ಣ ಸಾಧನೆಯಲ್ಲ.

ಗದ್ದಲದ ಅರ್ಥಶಾಸ್ತ್ರ

ಹಾಗಿದ್ದರೆ ಕೆಲವು ಹಾಸ್ಟೆಲ್‌ಗಳು ಪಾರ್ಟಿಯ ಹಾದಿ ಹಿಡಿಯುವುದೇಕೆ? ಇದನ್ನು ಚಾರಿತ್ರ್ಯದ ಪ್ರಶ್ನೆಯಾಗಿ ಅಲ್ಲ, ಲೆಕ್ಕದ ಪ್ರಶ್ನೆಯಾಗಿ ನೋಡಬೇಕು. ಹತ್ತು ಮಂಚಗಳ ಒಂದು ಕೋಣೆಯಲ್ಲಿ ಮಂಚಕ್ಕೆ 600 ರೂ. ಬಾಡಿಗೆ ಎಂದಿಟ್ಟುಕೊಳ್ಳೋಣ. ಭರ್ತಿಯಾದ ರಾತ್ರಿ 6,000 ರೂ. ಬರುತ್ತದೆ, ನಾಲ್ಕೇ ಮಂದಿ ಬಂದರೆ 2,400 ರೂ. ಕಟ್ಟಡದ ಬಾಡಿಗೆ, ವಿದ್ಯುತ್, ಬಟ್ಟೆ ಒಗೆಯುವ ವೆಚ್ಚ, ಅಡುಗೆಯವರ ಸಂಬಳ ಮಾತ್ರ ಎರಡೂ ರಾತ್ರಿ ಹೆಚ್ಚುಕಡಿಮೆ ಅಷ್ಟೇ. ಇದರ ಮೇಲೆ ಬುಕಿಂಗ್ ತಾಣಗಳ ಕಮಿಷನ್. ಹೀಗಾಗಿ ಮಂಚದ ಬಾಡಿಗೆಯಿಂದ ಹಾಸ್ಟೆಲ್ ಬದುಕುವುದು ಕಷ್ಟ. ಊಟ, ಪಾನೀಯ, ಬೈಕ್ ಬಾಡಿಗೆ, ಸುತ್ತಾಟದ ಪ್ಯಾಕೇಜುಗಳಿಂದ ಅದು ಬದುಕುತ್ತದೆ. ಅತಿಥಿ ಸಂಜೆ ಹೊರಗೆ ಹೋಗದೆ ಒಳಗೇ ಉಳಿದು ಖರ್ಚು ಮಾಡಬೇಕು. ಅದಕ್ಕೆ ಸಂಗೀತ, ಆಟ, ‘ಮೊದಲ ಗ್ಲಾಸು ಉಚಿತ’ ಎಂಬ ಆಮಿಷ.

ಎರಡನೆಯ ಕಾರಣ ಹೆಸರು. ಯುವ ಪ್ರವಾಸಿಗರ ಲೋಕದಲ್ಲಿ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡುವುದು ಬಾಯಿಮಾತು. ‘ಅಲ್ಲಿ ರಾತ್ರಿ ನಿದ್ದೆ ಇಲ್ಲ’ ಎಂಬ ಮಾತು ಕುಟುಂಬಸ್ಥರಿಗೆ ದೂರು. ಇಪ್ಪತ್ತರ ಹರೆಯದವರಿಗೆ ಅದೇ ಶಿಫಾರಸು. ಒಮ್ಮೆ ಈ ಹೆಸರು ಬಂದರೆ ನಿದ್ದೆ ಬೇಕಾದವರು ತಾವಾಗಿಯೇ ದೂರವಾಗುತ್ತಾರೆ, ಗದ್ದಲ ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಆಮೇಲೆ ಒಡೆಯನೇ ಬಯಸಿದರೂ ದನಿ ತಗ್ಗಿಸುವುದು ಸುಲಭವಲ್ಲ. ಒಂದು ವಾರ ಸಂಗೀತ ನಿಂತರೆ ‘ಮೊದಲಿನಂತಿಲ್ಲ’ ಎಂಬ ಮಾತು ಹರಡುತ್ತದೆ, ಮಂಚಗಳು ಖಾಲಿ ಬೀಳುತ್ತವೆ. ತಾನು ಕಟ್ಟಿದ ಹೆಸರಿಗೆ ತಾನೇ ಒತ್ತೆಯಾಳಾಗುವ ವ್ಯಾಪಾರವಿದು.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹೆಸರು ಕಟ್ಟಡಕ್ಕೆ ಮಾತ್ರ ಅಂಟುವುದಿಲ್ಲ, ಊರಿಗೂ ಅಂಟುತ್ತದೆ. ಹಾಸ್ಟೆಲ್‌ನ ಲಾಭದಲ್ಲಿ ಪಾಲಿಲ್ಲದವರಿಗೂ ಆ ಹೆಸರಿನಲ್ಲಿ ಪಾಲು ಬರುತ್ತದೆ. ವಿರೂಪಾಪುರಗಡ್ಡಿಯಲ್ಲಿ ಆದದ್ದು ಇದೇ.

ಹಿಪ್ಪಿ ದ್ವೀಪದ ಏಳುಬೀಳು

ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಗೆ ಸೇರಿದ ವಿರೂಪಾಪುರಗಡ್ಡಿ, ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ತುಂಗಭದ್ರೆ ಕವಲೊಡೆದಲ್ಲಿ ಇರುವ ನಡುಗಡ್ಡೆ. ಭತ್ತದ ಗದ್ದೆ, ಬಾಳೆತೋಟ, ಬಂಡೆಗುಡ್ಡಗಳ ಈ ತುಣುಕು ನೆಲ ವಿದೇಶಿ ಯುವ ಪ್ರವಾಸಿಗರ ಕಣ್ಣಿಗೆ ಬಿತ್ತು. ದೇವಾಲಯದ ಕಡೆಯ ದಡದಲ್ಲಿ ಮದ್ಯ, ಮಾಂಸಕ್ಕೆ ನಿರ್ಬಂಧ. ದೋಣಿ ಹತ್ತಿ ಐದು ನಿಮಿಷ ದಾಟಿದರೆ ಆ ನಿರ್ಬಂಧದ ಬಿಗಿ ಇಲ್ಲ. ಕೃಷಿ ಜಮೀನುಗಳಲ್ಲಿ ಗುಡಿಸಲುಗಳು ಎದ್ದವು, ಗುಡಿಸಲುಗಳು ಗೆಸ್ಟ್‌ಹೌಸ್‌ಗಳಾದವು, ಗೆಸ್ಟ್‌ಹೌಸ್‌ಗಳು ತಮ್ಮನ್ನು ರೆಸಾರ್ಟ್ ಎಂದು ಕರೆದುಕೊಂಡವು. ಇಸ್ರೇಲಿನ ಯುವಕ ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಬಂದುದರಿಂದ ಫಲಕಗಳಲ್ಲಿ ಹೀಬ್ರೂ ಅಕ್ಷರ ಕಾಣಿಸಿತು, ತಟ್ಟೆಗಳಲ್ಲಿ ಫಲಾಫಲ್, ಹಮ್ಮಸ್ ಬಂದವು. ಜಗತ್ತಿನ ಯುವ ಪ್ರವಾಸಿಗರ ನಡುವೆ ಊರಿನ ನಿಜನಾಮವೇ ಮರೆಯಾಗಿ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರು ನಿಂತಿತು.

ಈ ಬೆಳವಣಿಗೆಗೆ ಇನ್ನೊಂದು ಮುಖವಿತ್ತು. ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. 1988ರಲ್ಲಿ ರಾಜ್ಯ ಸರಕಾರ ಸಂರಕ್ಷಿತ ಪ್ರದೇಶದ ಅಧಿಸೂಚನೆ ಹೊರಡಿಸಿತ್ತು. ಆನೆಗೊಂದಿ ಬಳಿಯ ಸೇತುವೆ ಕಾಮಗಾರಿಯ ವಿವಾದದಿಂದಾಗಿ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಬಿದ್ದು 2006ರವರೆಗೆ ಅಲ್ಲೇ ಇತ್ತು. ಈ ನಡುವೆ 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಅಸ್ತಿತ್ವ ದೊರೆಯಿತು. ಅಂದರೆ ಗಡ್ಡೆಯ ಮೇಲಿನ ವ್ಯಾಪಾರ ಬೆಳೆದದ್ದು ಕಾನೂನು ಇಲ್ಲದ ಜಾಗದಲ್ಲಿ ಅಲ್ಲ. ಕಾನೂನು ಇದ್ದೂ ಕಣ್ಣು ಮುಚ್ಚಿದ್ದ ಜಾಗದಲ್ಲಿ. ಕೃಷಿ ಭೂಮಿಯಲ್ಲಿ ವಾಣಿಜ್ಯ ನಡೆಯಿತು, ವಿದ್ಯುತ್ ದೀಪ ಉರಿಯಿತು, ಪ್ರವಾಸಿ ಕೈಪಿಡಿಗಳಲ್ಲಿ ಹೆಸರು ಬಂತು, ಋತುವಿನಿಂದ ಋತುವಿಗೆ ದೋಣಿಗಳು ತುಂಬಿ ಬಂದವು.

ಎಚ್ಚರಿಕೆಯ ಗಂಟೆ 2019ರ ಆಗಸ್ಟ್‌ನಲ್ಲಿ ಬಾರಿಸಿತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಡ್ಡೆಯ ಸಂಪರ್ಕ ಕಡಿದುಹೋಗಿ, ವಿದೇಶೀಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ ಮತ್ತು ಹೆಲಿಕಾಪ್ಟರುಗಳಲ್ಲಿ ಅವರನ್ನು ಹೊರತರಬೇಕಾಯಿತು. ರಾತ್ರಿ ಎಷ್ಟು ಮಂದಿ ಎಲ್ಲಿ ಮಲಗಿದ್ದಾರೆ ಎಂಬ ಲೆಕ್ಕ ಆಡಳಿತದ ಬಳಿ ಇರಬೇಕಾದುದೇಕೆ ಎಂಬುದನ್ನು ಆ ನೆರೆ ಕಲಿಸಿತು.

ಅಷ್ಟರಲ್ಲಿ ಪ್ರಕರಣ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಬಹುಕಾಲವಾಗಿತ್ತು. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಕಟ್ಟಡಗಳ ವಿರುದ್ಧ ತೀರ್ಪು ನೀಡಿದವು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಗಡ್ಡೆಗೆ ಇಳಿದವು. ಕೆಲವೇ ದಿನಗಳಲ್ಲಿ ದಶಕಗಳ ವ್ಯಾಪಾರ ನೆಲಸಮವಾಯಿತು. ಮೂರು ವಾರ ಕಳೆಯುವುದರೊಳಗೆ ಕೊರೊನಾ ಲಾಕ್‌ಡೌನ್ ಬಂದು ಇಡೀ ದೇಶದ ಪ್ರವಾಸೋದ್ಯಮವೇ ಸ್ತಬ್ಧವಾಯಿತು.

ತೀರ್ಪು ಸರಿಯೇ ಎಂಬುದು ಇಲ್ಲಿನ ಚರ್ಚೆಯಲ್ಲ; ಸ್ಮಾರಕ ಪ್ರದೇಶದ ರಕ್ಷಣೆ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 1988ರ ಅಧಿಸೂಚನೆಗೂ 2020ರ ತೆರವಿಗೂ ನಡುವೆ 32 ವರ್ಷಗಳಿದ್ದವು. ಮೊದಲ ಗುಡಿಸಲು ಎದ್ದ ದಿನವೇ ಅಧಿಕಾರಿಯೊಬ್ಬರು ‘ಬೇಡ’ ಎಂದಿದ್ದರೆ ನಷ್ಟವಾಗುತ್ತಿದ್ದುದು ಒಂದು ಗುಡಿಸಲು ಮಾತ್ರ. ಹೇಳದೆ ಬಿಟ್ಟ ಕಾರಣ ಜಮೀನು ಭೋಗ್ಯಕ್ಕೆ ಕೊಟ್ಟ ರೈತ, ಸಾಲ ತಂದು ಕೋಣೆ ಕಟ್ಟಿದ ಸ್ಥಳೀಯ, ಪಾತ್ರೆ ತೊಳೆಯುತ್ತಿದ್ದ ಹೆಂಗಸು, ದೋಣಿ ನಡೆಸುತ್ತಿದ್ದವನು ಎಲ್ಲರೂ ಒಂದೇ ವಾರದಲ್ಲಿ ಬೀದಿಗೆ ಬಂದರು. ಸುಮ್ಮನಿದ್ದ ಅಧಿಕಾರಿಗಳಿಗೆ ಏನೂ ಆಗಲಿಲ್ಲ.

ಹೆಸರು ಸಾಯುವುದಿಲ್ಲ

ಕಟ್ಟಡ ಬಿದ್ದರೂ ಹೆಸರು ಬೀಳಲಿಲ್ಲ. ಪ್ರವಾಸಿಗರು ಸಣಾಪುರ, ಆನೆಗೊಂದಿ ಕಡೆಗೆ ಸರಿದರು. ಅವರ ಹಿಂದೆಯೇ ವ್ಯಾಪಾರವೂ ಸರಿಯಿತು. 2025ರ ಮಾರ್ಚ್ 6ರ ರಾತ್ರಿ ಸಣಾಪುರ ಬಳಿಯ ಕಾಲುವೆ ದಂಡೆಯಲ್ಲಿ ನಡೆದ ಕೃತ್ಯ ದೇಶವನ್ನೇ ಬೆಚ್ಚಿಬೀಳಿಸಿತು. ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಮೇಲೆ ದುಷ್ಕರ್ಮಿಗಳು ಎರಗಿದರು. ಇಸ್ರೇಲಿನ ಪ್ರವಾಸಿ ಮಹಿಳೆ ಹಾಗೂ ಹೋಂಸ್ಟೇ ನಡೆಸುತ್ತಿದ್ದ ಸ್ಥಳೀಯ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಪುರುಷರನ್ನು ಕಾಲುವೆಗೆ ತಳ್ಳಲಾಯಿತು. ಅವರಲ್ಲಿ ಒಡಿಶಾದ ಯುವಕ ಜೀವ ಕಳೆದುಕೊಂಡ. ಆರೋಪಿಗಳ ಬಂಧನವೂ ಆಯಿತು.

ಅಲ್ಲಿ ಪಾರ್ಟಿ ಇರಲಿಲ್ಲ, ಗದ್ದಲವಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆದರೂ ಘಟನೆಯ ಮರುದಿನವೇ ‘ಅಂಥ ಜಾಗಕ್ಕೆ ಅಷ್ಟು ಹೊತ್ತಿನಲ್ಲಿ ಏಕೆ ಹೋದರು’ ಎಂಬ ಮಾತು ಕೇಳಿಬಂತು. ಊರಿಗೆ ಅಂಟಿದ ಹೆಸರು ಸಂತ್ರಸ್ತರನ್ನೇ ಕಟಕಟೆಗೆ ತರುವುದು ಹೀಗೆ. ಪರವಾನಗಿ ಇಲ್ಲದ ಹೋಂಸ್ಟೇಗಳ ಪ್ರಶ್ನೆಯೂ ಆಗಲೇ ಮುನ್ನೆಲೆಗೆ ಬಂತು. ಬೀದಿದೀಪ, ಪೊಲೀಸ್ ಗಸ್ತು, ನೋಂದಣಿ ಯಾವುದೂ ಜಾಗದ ಜನಪ್ರಿಯತೆಯ ವೇಗಕ್ಕೆ ಸಮನಾಗಿ ಬೆಳೆದಿರಲಿಲ್ಲ.

ಬೆಲೆ ತೆರುವವರು ಯಾರು?

ಹೊರ ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ನದಿತೀರದ ಪುಟ್ಟ ಪಟ್ಟಣ ಯುವ ಪ್ರವಾಸಿಗರ ಮೋಜಿನ ರಾಜಧಾನಿ ಎನಿಸಿತ್ತು. ಟಯರ್ ಟ್ಯೂಬಿನ ಮೇಲೆ ತೇಲುತ್ತ ದಂಡೆಯ ಬಾರಿನಿಂದ ಬಾರಿಗೆ ಸಾಗುವುದು ಅಲ್ಲಿನ ಆಟ. ಸಾವುಗಳು ಹೆಚ್ಚಿದಾಗ 2012ರಲ್ಲಿ ಸರಕಾರ ನದಿದಂಡೆಯ ಬಾರುಗಳನ್ನು ಮುಚ್ಚಿಸಿತು. ಪಟ್ಟಣದ ಹೆಸರು ಮಾತ್ರ ಉಳಿಯಿತು. 2024ರ ನವೆಂಬರ್‌ನಲ್ಲಿ ಅದೇ ಪಟ್ಟಣದಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಅವರಲ್ಲಿ 19 ವರ್ಷದವರೂ ಇದ್ದರು. ಮೃತರಲ್ಲಿ ಕೆಲವರು ತಂಗಿದ್ದ ಹಾಸ್ಟೆಲ್‌ನಲ್ಲಿ ಅತಿಥಿಗಳಿಗೆ ಉಚಿತವಾಗಿ ಮದ್ಯ ಕೊಡುತ್ತಿದ್ದುದು ವರದಿಯಾಯಿತು.

ಮೆಥನಾಲ್ ಏನು ಮಾಡಬಲ್ಲದೆಂದು ಬೆಂಗಳೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1981ರ ಜುಲೈನಲ್ಲಿ ಇದೇ ನಗರದಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಹಳಬರು ಮರೆತಿಲ್ಲ. ಅಗ್ಗದ ಅಥವಾ ಉಚಿತ ಮದ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆ ಸೇರೆಯ ಗುಡಿಸಲಿಗೂ ಹಾಸ್ಟೆಲ್‌ನ ಮೇಲ್ಚಾವಣಿಗೂ ಒಂದೇ.

ಗೋವಾದ ಅರ್ಪೋರಾದಲ್ಲಿ 2025ರ ಡಿಸೆಂಬರ್ 6ರ ರಾತ್ರಿ ನೈಟ್‌ಕ್ಲಬ್ ಒಂದಕ್ಕೆ ಬೆಂಕಿ ಬಿದ್ದು 25 ಮಂದಿ ಸತ್ತರು. ಅವರಲ್ಲಿ ಪ್ರವಾಸಿಗರು ಕೆಲವರೇ; ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದ ಬಡ ಕೆಲಸಗಾರರು. ಬೆಂಗಳೂರಿನಲ್ಲಿ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಬೆಂಕಿಗೆ ಒಂಬತ್ತು ಜೀವಗಳು ಹೋದವು. ಇಕ್ಕಟ್ಟಾದ ಮೆಟ್ಟಿಲು, ಮುಚ್ಚಿದ ದಾರಿ, ಕಾಗದದ ಮೇಲಷ್ಟೇ ಇರುವ ಅನುಮತಿ ಇವು ಗಾಜಿನ ಕಟ್ಟಡದಲ್ಲೂ ಕೊಲ್ಲುತ್ತವೆ, ಎರಡಂತಸ್ತಿನ ಮನೆಯಲ್ಲೂ ಕೊಲ್ಲುತ್ತವೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಗೆ ಒಂದೇ ಮೆಟ್ಟಿಲು. ಅಲ್ಲಿ ಒಂದರ ಮೇಲೊಂದು ಮಂಚ ಹಾಕಿ ಮೂವತ್ತು ಮಂದಿಯನ್ನು ಮಲಗಿಸಿ, ಮೇಲ್ಚಾವಣಿಗೆ ತಗಡು ಹೊದಿಸಿ ಅಡುಗೆ ಒಲೆ ಇಟ್ಟರೆ ಆಗಬಹುದಾದ ಅನಾಹುತವನ್ನು ಊಹಿಸಲು ತಜ್ಞರೇ ಬೇಕಿಲ್ಲ.

ಕಾನೂನಿನ ಗೊಂದಲ

ಈಗ ನಿಯಮಗಳ ಕಡೆ ನೋಡೋಣ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ಕೋಣೆಗಳ ಮಿತಿ ಆರು, ಮಂಚಗಳ ಮಿತಿ ಹನ್ನೆರಡು. ಮನೆಯ ಒಡೆಯ ಅಲ್ಲೇ ವಾಸವಿರಬೇಕು. ಒಂದೇ ಕೋಣೆಯಲ್ಲಿ ಹತ್ತು ಮಂಚವಿರುವ ಹಾಸ್ಟೆಲ್ ಆ ಚೌಕಟ್ಟಿಗೆ ಹೊಂದುವುದಿಲ್ಲ. ಮದ್ಯ ಪೂರೈಸಬೇಕಾದರೆ ಅಬಕಾರಿ ಪರವಾನಗಿ ಬೇಕು. ಲಾಡ್ಜಿಂಗ್ ಇರುವ ಹೋಟೆಲುಗಳಿಗೆ ಕೊಡುವ ಸಿಎಲ್-7 ಸನ್ನದು ಕೋಣೆಗಳ ಸಂಖ್ಯೆಯನ್ನು ಕೇಳುತ್ತದೆ. ಹಾಸ್ಟೆಲ್‌ಗಳು ಎಣಿಸುವುದು ಮಂಚಗಳನ್ನು. ಕುಡಿಯುವ ವಯಸ್ಸಿನ ಬಗೆಗೂ ಸ್ಪಷ್ಟತೆಯಿಲ್ಲ. 1965ರ ಅಬಕಾರಿ ಕಾಯಿದೆ 18 ಎನ್ನುತ್ತದೆ, 1967ರ ಸನ್ನದು ನಿಯಮಗಳು 21 ಎನ್ನುತ್ತವೆ. ಇದನ್ನು 18ಕ್ಕೆ ಇಳಿಸುವ ಕರಡನ್ನು 2023ರಲ್ಲಿ ಸರಕಾರ ಹೊರಡಿಸಿ, ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಹಾಸ್ಟೆಲ್‌ಗೆ ಬರುವವರಲ್ಲಿ ಬಹುಪಾಲು ಈ ಎರಡು ಅಂಕಿಗಳ ಆಸುಪಾಸಿನವರೇ ಎಂಬುದು ಗಮನಾರ್ಹ.

ಶಬ್ದದ ವಿಷಯದಲ್ಲಿ ಮಾತ್ರ ನಿಯಮ ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. 45 ಡೆಸಿಬೆಲ್ ಎಂದರೆ ಮೆಲುಮಾತಿಗಿಂತ ಹೆಚ್ಚೇನಲ್ಲ. ಸಂಗೀತ, ನೃತ್ಯದ ಸಾರ್ವಜನಿಕ ಸ್ಥಳಗಳ ನಿಯಂತ್ರಣಕ್ಕೆ ಬೆಂಗಳೂರಿನಲ್ಲಿ 2005ರ ಆದೇಶವಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಹಾಸ್ಟೆಲ್‌ನ ಮೇಲ್ಚಾವಣಿ ‘ಸಾರ್ವಜನಿಕ ಸ್ಥಳ’ವೋ, ಅತಿಥಿಗಳ ಖಾಸಗಿ ಜಾಗವೋ ಎಂಬ ವಾದ ಪ್ರತಿ ಬಾರಿ ಠಾಣೆಯ ಮೆಟ್ಟಿಲಲ್ಲಿ ಹೊಸದಾಗಿ ಆರಂಭವಾಗುತ್ತದೆ. ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಲು 2024ರಲ್ಲಿ ಅವಕಾಶ ಸಿಕ್ಕ ಮೇಲೆ, ಹತ್ತಕ್ಕೆ ನಿಲ್ಲಬೇಕಾದ ಸದ್ದು ಮತ್ತು ಒಂದಕ್ಕೆ ಮುಚ್ಚುವ ಬಾಗಿಲುಗಳ ನಡುವೆ ಮೂರು ಗಂಟೆಗಳ ಗೊಂದಲ ಉಳಿದಿದೆ.

ಕಾನೂನು ಮಸುಕಾದ ಕಡೆ ಮೂವರು ಲಾಭ ಪಡೆಯುತ್ತಾರೆ: ತಪ್ಪು ಮಾಡುವ ಒಡೆಯ, ಮಾಮೂಲು ಪಡೆಯುವ ಸಿಬ್ಬಂದಿ, ನೀತಿಯ ಗುತ್ತಿಗೆ ತಮಗೇ ಸೇರಿದ್ದೆಂದು ಭಾವಿಸಿದ ಗುಂಪು. ಮೂರನೆಯದರ ಮುಖವನ್ನು ಮಂಗಳೂರು ಕಂಡಿದೆ. 2009ರ ಜನವರಿ 24ರಂದು ಪಬ್ ಒಂದಕ್ಕೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದು, 2012ರ ಜುಲೈ 28ರಂದು ಪಡೀಲ್‌ನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಹಲ್ಲೆ ನಡೆಸಿದ್ದು ಕ್ಯಾಮೆರಾಗಳಲ್ಲಿ ದಾಖಲಾಗಿ ರಾಜ್ಯದ ಮಾನ ಕಳೆಯಿತು. ನೆರೆಯವರ ನಿದ್ದೆಯ ನ್ಯಾಯವಾದ ದೂರು ಬೇರೆ, ಯುವಕರು ಒಟ್ಟಿಗೆ ಕೂರುವುದನ್ನೇ ಸಹಿಸದ ದಬ್ಬಾಳಿಕೆ ಬೇರೆ. ಮೊದಲನೆಯದಕ್ಕೆ ಕಾನೂನಿನಲ್ಲಿ ಕಿವಿ ಇಲ್ಲದಿದ್ದರೆ ಎರಡನೆಯದಕ್ಕೆ ಬೀದಿಯಲ್ಲಿ ಬಲ ಬರುತ್ತದೆ.

ಬಸವೇಶ್ವರನಗರಕ್ಕೇನು ಸಂಬಂಧ?

ಇಂದಿರಾನಗರದ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ಹೈಕೋರ್ಟ್‌ವರೆಗೆ ಹೋಗಬೇಕಾಯಿತು. ಒಂದು ಕಾಲಕ್ಕೆ ಅದೂ ಬಸವೇಶ್ವರನಗರದಂತೆಯೇ ನಿವೃತ್ತರ, ಮರಗಳ ನೆರಳಿನ ಬಡಾವಣೆಯಾಗಿತ್ತು. ಬದಲಾವಣೆ ಒಂದು ಮನೆ, ಇನ್ನೊಂದು ಮನೆ ಎಂಬಂತೆ ಬಂತು. ಎಚ್ಚರಾಗುವ ಹೊತ್ತಿಗೆ ಬೀದಿಯೇ ಬದಲಾಗಿತ್ತು. ಪಶ್ಚಿಮ ಬೆಂಗಳೂರಿನಲ್ಲಿ ಪಾರ್ಟಿ ಹಾಸ್ಟೆಲ್‌ಗಳ ಹಾವಳಿ ಇದೆ ಎಂದು ಹೇಳಿದರೆ ಅದು ಅತಿಶಯೋಕ್ತಿ. ಆದರೆ ಅದಕ್ಕೆ ಬೇಕಾದ ನೆಲ ಹದವಾಗಿದೆ. 2014ರಿಂದ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಗೆ, 2015ರಿಂದ ಮಾಗಡಿ ರಸ್ತೆ, ವಿಜಯನಗರಕ್ಕೆ ಮೆಟ್ರೊ ಬಂದಿದೆ. ಮೆಜೆಸ್ಟಿಕ್ ಕೆಲವೇ ನಿಲ್ದಾಣಗಳ ದೂರ. ಮಕ್ಕಳು ಹೊರದೇಶ ಸೇರಿ ಹಿರಿಯರಷ್ಟೇ ಉಳಿದ ಮನೆಗಳು ಪೇಯಿಂಗ್ ಗೆಸ್ಟ್ ವಸತಿಗಳಾಗಿವೆ. ಇಲ್ಲಿ ವಾರಕ್ಕೆ, ದಿನಕ್ಕೆ ಮಂಚ ಕೊಡುವ ವ್ಯಾಪಾರಕ್ಕೆ ತಿರುಗುವುದು ಒಂದು ಫಲಕ ಬದಲಿಸಿದಷ್ಟು ಸುಲಭ.

ಪೇಯಿಂಗ್ ಗೆಸ್ಟ್ ವಸತಿಗಳ ವಿಷಯದಲ್ಲಿ ನಾವು ಎಚ್ಚೆತ್ತದ್ದು ಹೇಗೆ ಎಂಬುದೂ ನೆನಪಿರಲಿ. 2024ರ ಜುಲೈನಲ್ಲಿ ಕೋರಮಂಗಲದ ವಸತಿಯೊಂದರೊಳಗೇ ಯುವತಿಯ ಕೊಲೆ ನಡೆದ ಮೇಲೆ, ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು. ತಲಾ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಭದ್ರತಾ ಸಿಬ್ಬಂದಿ ಅದರ ಅಂಶಗಳು. ಒಳ್ಳೆಯ ನಿಯಮಗಳೇ, ಬಂದದ್ದು ಒಂದು ಜೀವ ಹೋದ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ವಿಂಗಡಣೆಯಾಗಿ ಪಶ್ಚಿಮ ಭಾಗಕ್ಕೆ ತನ್ನದೇ ಪಾಲಿಕೆ ಬಂದಿರುವಾಗ, ಇನ್ನೊಂದು ಸಾವಿಗೆ ಕಾಯದೆ ನಿಯಮ ಮಾಡುವ ಅವಕಾಶ ಅದರ ಮುಂದಿದೆ.

ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಹಲವು ಹಾಸ್ಟೆಲ್‌ಗಳು ಅದೇ ಊರಿನ ವಿಳಾಸವಿರುವ ಗುರುತಿನ ಚೀಟಿ ಕಂಡರೆ ಮಂಚ ಕೊಡುವುದಿಲ್ಲ. ಸ್ಥಳೀಯರು ಬರುವುದು ಪಾರ್ಟಿಗೆ ಮಾತ್ರ, ತೊಂದರೆ ಮಾಡುತ್ತಾರೆ ಎಂಬುದು ಅವರ ಸಮರ್ಥನೆ. ಅಂದರೆ ಬಸವೇಶ್ವರನಗರದ ಹುಡುಗಿ ಜೋಧಪುರದಲ್ಲಿ ಅತಿಥಿ. ತನ್ನ ಊರಿನಲ್ಲಿ ಶಂಕಿತೆ. ಊರಿನವರನ್ನು ಹೊರಗಿಟ್ಟು ಊರಿನ ನಡುವೆ ನಡೆಯುವ ವ್ಯಾಪಾರ, ನೆರೆಹೊರೆಯ ಸದ್ಭಾವನೆಯನ್ನು ನಿರೀಕ್ಷಿಸುವುದು ಹೇಗೆ?

ದಾರಿ ಇಲ್ಲದಿಲ್ಲ

ಪರಿಹಾರ ನಿಷೇಧವಲ್ಲ. ನಿಷೇಧಿಸಿದರೆ ಪಾರ್ಟಿ ಫಾರ್ಮ್‌ಹೌಸ್‌ಗೆ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಳಿ ಪೊಲೀಸರು ದಾಳಿ ನಡೆಸಿದ್ದು ಅಂಥದ್ದೇ ಒಂದು ಕೂಟದ ಮೇಲೆ. ಬೆಳಕಿನಲ್ಲಿರುವುದನ್ನು ಕತ್ತಲಿಗೆ ತಳ್ಳುವುದು ಜಾಣತನವಲ್ಲ. ಮೊದಲು ಆಗಬೇಕಾದ್ದು ಹಾಸ್ಟೆಲ್‌ಗೆ ಕಾನೂನಿನಲ್ಲಿ ಒಂದು ಹೆಸರು, ಒಂದು ವರ್ಗ. ಕೋಣೆಯ ಬದಲು ಮಂಚದ ಲೆಕ್ಕದಲ್ಲಿ ಪರವಾನಗಿ. ಮಂಚಗಳ ಸಂಖ್ಯೆಗೆ ತಕ್ಕ ಮೆಟ್ಟಿಲು, ಅಗ್ನಿಶಮನ ವ್ಯವಸ್ಥೆ, ಶೌಚಾಲಯ. ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಸಲ್ಲಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಪಾಲನೆಯನ್ನು ಪರವಾನಗಿ ನವೀಕರಣಕ್ಕೆ ಜೋಡಿಸಿದರೆ ಸಾಕು.

ಎರಡನೆಯದು ಮದ್ಯ. ಹಣ ಪಡೆದು ಕೊಟ್ಟರೂ ಉಚಿತವಾಗಿ ಕೊಟ್ಟರೂ ಹೊಣೆ ಒಂದೇ ಎಂದು ನಿಯಮದಲ್ಲಿ ಬರೆಯಬೇಕು. ವಸತಿ ಬೀದಿಯ ಹಾಸ್ಟೆಲ್‌ಗೆ ಮದ್ಯವಿಲ್ಲದ, ಹತ್ತರ ನಂತರ ಧ್ವನಿವರ್ಧಕವಿಲ್ಲದ ಪರವಾನಗಿ. ವಾಣಿಜ್ಯ ರಸ್ತೆಯಲ್ಲಿರುವುದಕ್ಕೆ ಬೇರೆ ಶರತ್ತು. ‘ಪಾರ್ಟಿ ಬೇಕಾದವರು ಅಲ್ಲಿಗೆ, ನಿದ್ದೆ ಬೇಕಾದವರು ಇಲ್ಲಿಗೆ’ ಎಂದು ಪ್ರವಾಸಿಗರೇ ವಿಂಗಡಿಸಿಕೊಳ್ಳುತ್ತಿರುವಾಗ, ಪಾಲಿಕೆಗೆ ಅದು ಅಸಾಧ್ಯವೇನಲ್ಲ. ಮೂರನೆಯದು ಕೆಲಸಗಾರರು. ಊಟ, ಮಂಚಕ್ಕೆ ಬದಲಾಗಿ ದುಡಿಯುವ ‘ಸ್ವಯಂಸೇವಕ’ರ ಹೆಸರಿನಲ್ಲಿ ಸಂಬಳವಿಲ್ಲದ ದುಡಿಮೆ ಈ ಉದ್ಯಮದಲ್ಲಿ ಸಾಮಾನ್ಯ. ಅವರಿಗೂ, ಅಡುಗೆಮನೆಯವರಿಗೂ ವಿಮೆ ಮತ್ತು ದಾಖಲೆ ಕಡ್ಡಾಯವಾಗಬೇಕು. ನಾಲ್ಕನೆಯದು ನೆರೆಯವರ ಮಾತು. ಪರವಾನಗಿ ಕೊಡುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ನೋಟಿಸ್, ದೂರಿಗೆ ಒಬ್ಬ ನಿರ್ದಿಷ್ಟ ಅಧಿಕಾರಿ, ಉತ್ತರಕ್ಕೆ ಒಂದು ಗಡುವು ಇರಬೇಕು. ತೊಂದರೆ ಕೊಟ್ಟ ಹಾಸ್ಟೆಲ್‌ಗೆ ಮೊದಲ ತಿಂಗಳೇ ದಂಡ ಬಿದ್ದರೆ ಮೂವತ್ತನೆಯ ವರ್ಷ ಬುಲ್ಡೋಜರ್ ತರುವ ಅಗತ್ಯ ಬೀಳುವುದಿಲ್ಲ.

ಬಡಾವಣೆಗೆ ಹೆಸರಾದ ಬಸವಣ್ಣನ ಕಲ್ಯಾಣಕ್ಕೆ ದೂರದೂರದಿಂದ ಜನ ಬಂದರು, ಅವರಿಗೆ ಅಲ್ಲಿ ನೆಲೆಯೂ ದಾಸೋಹವೂ ದೊರೆಯಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಂದವರನ್ನು ‘ಇವನಾರು’ ಎಂದು ಕೇಳದ ಪರಂಪರೆ ದೊಡ್ಡದು. ಆದರೆ ಬಂದವನು ಎಲ್ಲಿ ಮಲಗುತ್ತಾನೆ, ಅಲ್ಲಿ ಬೆಂಕಿ ಬಿದ್ದರೆ ಹೊರಬರಲು ದಾರಿ ಇದೆಯೇ, ಅವನ ಸಡಗರದಿಂದ ಪಕ್ಕದ ಮನೆಯ ಅಜ್ಜಿಗೆ ನಿದ್ದೆ ಬರುತ್ತದೆಯೇ ಎಂದು ಕೇಳುವುದು ಆತಿಥ್ಯಕ್ಕೆ ವಿರುದ್ಧವಲ್ಲ, ಅದೂ ಆತಿಥ್ಯವೇ. ವಿರೂಪಾಪುರಗಡ್ಡಿಯಲ್ಲಿ ಈ ಪ್ರಶ್ನೆಗಳನ್ನು ಕೇಳಲು 32 ವರ್ಷ ತಡಮಾಡಿದೆವು. ಪಶ್ಚಿಮ ಪಾಲಿಕೆ ಅವನ್ನು ಈಗಲೇ, ಮೊದಲ ಫಲಕ ಏರುವ ಮುನ್ನವೇ ಕೇಳುವುದೇ?